ಕಂಬ ಹಿಡಿಯದ ನೀರುಗಂಟಿ

“ಗುರುಗಳೇ, ಅಪವಾದ ಹೊತ್ತವನೊಬ್ಬ ತನ್ನೂರಿನಲ್ಲಿ ನ್ಯಾಯ ಸಿಗುವುದಿಲ್ಲವೆಂದು ಪರರ ಆಸರೆಗೆ ಬಂದಿದ್ದಾನೆ. ಒಪ್ಪಿಸಿ ಎಂದು ಊರಿನವರು ಕೇಳುತ್ತಿದ್ದಾರೆ. ಅವನು ಆಸರೆಯನ್ನೇ ನಂಬಿ ಕೂರಬೇಕೋ, ಕರೆಯಲು ಬಂದವರ ಹಿಂದೆ ಹೋಗಬೇಕೋ?”

ಕೇಳಿದವನು ಮರುಳಯ್ಯ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಯಾರ ಮಾತೆಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವನ ಅಣ್ಣ ನಿನ್ನೆಯಿಂದ ಉಗ್ರಾಣದೊಳಗಿದ್ದ. ಊರ ಒಡೆಯನ ಕಣಜಕ್ಕೆ ಬೆಂಕಿಯಿಟ್ಟನೆಂಬ ಅಪವಾದ ಅವನ ಮೇಲಿತ್ತು. ಹಿಡಿಯಲು ಬಂದವರು ಮಠದ ಹೊರಗೆ ಹುಣಸೆಮರದ ಕೆಳಗೆ ಕೂತಿದ್ದರು. ಉಗ್ರಾಣದ ಬೀಗದ ಕೈ ಮರುಳಯ್ಯನ ಮುಷ್ಟಿಯಲ್ಲಿತ್ತು.

ಬೆಂಕಿಯಿಟ್ಟದ್ದು ನಿಜವೇ ಎಂದು ಗುರುಗಳು ಕೇಳಲಿಲ್ಲ. ಕೂತುಕೋ ಎಂದು ಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದು ಪಾಳೆಯಪಟ್ಟಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ತೂಬು ಎತ್ತುವ ಮೊದಲು ಅವನು ಏರಿಯ ಮೇಲೆ ನಿಂತು ತಮಟೆ ಬಡಿಯುತ್ತಿದ್ದ. ಸದ್ದು ಕೇಳಿದ ಕೂಡಲೇ ಕೆಳಗಿನವರು ಮಕ್ಕಳನ್ನೂ ದನಗಳನ್ನೂ ಕಾಲುವೆಯಿಂದ ಈಚೆಗೆ ಎಳೆದುಕೊಳ್ಳುತ್ತಿದ್ದರು. ತಮಟೆ ಬಡಿಯದೆ ಒಂದು ಹನಿ ನೀರನ್ನೂ ಅವನು ಬಿಟ್ಟವನಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ನೀರಿನ ವಿಷಯದಲ್ಲಿ ಯಾರ ಮೇಲಾದರೂ ತಪ್ಪು ಬಂದರೆ ಅವನು ಕೆರೆಗಿಳಿದು, ತೂಬಿನ ಕಂಬ ಹಿಡಿದು, ನಡೆದದ್ದನ್ನು ಹೇಳಬೇಕು. ನೀರಿದ್ದರೆ ನೀರಿನಲ್ಲಿ, ಇಲ್ಲದಿದ್ದರೆ ಕೆಸರಿನಲ್ಲಿ. ಊರೆಲ್ಲ ಏರಿಯ ಮೇಲೆ ನಿಂತು ಕೇಳಬೇಕು. ಅವನ ಪರವಾಗಿ ಇನ್ನೊಬ್ಬರು ಮಾತಾಡುವಂತಿಲ್ಲ. ತೀರ್ಪು ಪಾಳೇಗಾರನದು, ನಂಬುವುದು ಬಿಡುವುದು ಊರಿನದು. ಹಾಗೆ ಕಂಬ ಹಿಡಿದವರೆಲ್ಲ ಬದುಕಿ ಮನೆಗೆ ಬಂದರೆಂದು ತಿಳಿಯಬೇಡ. ಬಾರದವರೂ ಇದ್ದರು. ಆದರೆ ಅಂಥವರ ಮಕ್ಕಳನ್ನು ಊರು ತನ್ನ ಮಕ್ಕಳಂತೆ ಸಾಕಿತು.

ಒಂದು ಮಳೆಗಾಲ ಕೆರೆ ಮಿತಿಮೀರಿ ತುಂಬಿತು. ತೂಬು ಎತ್ತಲೇ ಎಂದು ನೀರುಗಂಟಿ ಪಾಳೇಗಾರನನ್ನು ಕೇಳಿದ. ಮಗಳ ಮದುವೆಗೆ ತೆಪ್ಪ ತೇಲಿಸಬೇಕು, ಕೆರೆ ತುಂಬಿಯೇ ಇರಲಿ, ಮುಟ್ಟಬೇಡ ಎಂದ ಪಾಳೇಗಾರ. ಮಳೆ ನಿಲ್ಲಲಿಲ್ಲ. ನೀರುಗಂಟಿ ಇನ್ನೊಮ್ಮೆ ಬೇಡಿಕೊಳ್ಳಲು ಹೋದ. ಅರಮನೆಯ ಬಾಗಿಲಲ್ಲಿ ಅಪ್ಪಣೆಗೆ ಕಾದು ನಿಂತಿದ್ದಾಗಲೇ ಏರಿ ಒಡೆಯಿತು. ಕೆಳಗಿದ್ದ ಕುಂಬಾರರ ಕೇರಿ ಮಲಗಿದಲ್ಲೇ ಕೊಚ್ಚಿಹೋಯಿತು.

ಅಪ್ಪಣೆಯಿಲ್ಲದೆ ತೂಬು ಎತ್ತುವಂತಿರಲಿಲ್ಲ, ನಿಜ. ತಮಟೆಯನ್ನಾದರೂ ಬಡಿಯಬಹುದಿತ್ತು. ಅದು ಅವನಿಗೆ ಹೊಳೆದದ್ದು ಹೆಣಗಳನ್ನು ನೋಡಿದ ಮೇಲೆ.

ನೀರುಗಂಟಿ ಕುಡಿದು ಮಲಗಿದ್ದ, ತೂಬು ಎತ್ತಲಿಲ್ಲ ಎಂದು ಪಾಳೇಗಾರ ಸಾರಿಸಿದ. ತೂಬು ಮುಟ್ಟಬೇಡವೆಂದ ಮಾತನ್ನು ಆಡಿದವನು ಅವನು, ಕೇಳಿದವನು ಇವನು, ಮೂರನೆಯವರಿಲ್ಲ. ಅರಮನೆಯ ಬಾಗಿಲು ಕಾಯುವವರೂ ಅವನ ಆಳುಗಳೇ. ಕಂಬ ಹಿಡಿಯುವ ದಿನ ಗೊತ್ತಾಯಿತು.

“ಕಂಬ ಹಿಡಿದು ಎಲ್ಲ ಹೇಳ್ಬಿಡಿ,” ಎಂದಳು ಹೆಂಡತಿ. “ಏನಾದ್ರೂ ಆಗ್ಲಿ, ಊರಿಗೆ ಗೊತ್ತಾಗ್ಲಿ.”

“ನಾನು ಸತ್ತ ಮೇಲೆ ಊರಿಗೆ ಗೊತ್ತಾದ್ರೆ ನನಗೇನು ಬಂತು? ಜೀವ ಉಳಿದ್ರೆ ನಿಜ ಯಾವತ್ತು ಬೇಕಾದ್ರೂ ಹೇಳ್ಬಹುದು.”

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಕಂಬ ಹಿಡಿದು ಪಾಳೇಗಾರನ ಹೆಸರೆತ್ತಿದರೆ ಸಂಜೆಯೊಳಗೆ ತಲೆ ಹೋಗುವುದು ಖಂಡಿತವಾಗಿತ್ತು. ಅವನು ಗುಡ್ಡ ದಾಟಿ ಪಕ್ಕದ ಪಾಳೇಗಾರನ ಕಾಲಿಗೆ ಬಿದ್ದ.

ಪಕ್ಕದ ಪಾಳೇಗಾರ ಅವನನ್ನು ಎತ್ತಿ ನಿಲ್ಲಿಸಿದ. ಇರಲು ಮನೆ ಕೊಟ್ಟ, ಉಡಲು ಬಟ್ಟೆ ಕೊಟ್ಟ. ಅಪರಾಧಿಯನ್ನು ಒಪ್ಪಿಸಿ ಎಂದು ಆಳುಗಳು ಬಂದಾಗ, ಶರಣು ಬಂದವನನ್ನು ಬಿಟ್ಟುಕೊಡುವ ವಂಶ ನಮ್ಮದಲ್ಲ ಎಂದು ಬರಿಗೈಯಲ್ಲಿ ಅಟ್ಟಿದ. ನೀರುಗಂಟಿ ಅವತ್ತು ಗಳಗಳನೆ ಅತ್ತ. ಇಂಥ ಧಣಿಯೂ ಇರುತ್ತಾನೆಯೇ ಎಂದುಕೊಂಡ.

ಕಂಬ ಹಿಡಿಯಲು ಗೊತ್ತಾಗಿದ್ದ ದಿನವೂ ಅದೇ. ಇತ್ತ ಊರು ಬರಿದಾದ ಕೆರೆಯ ಏರಿಯ ಮೇಲೆ ನಿಂತಿತ್ತು. ಉಳಿದ ನಾಲ್ಕಾರು ಕುಂಬಾರರೂ ಬಂದಿದ್ದರು. ಬೆಳಗು ಹೋಗಿ ಬಿಸಿಲೇರಿತು, ಬಿಸಿಲಿಳಿದು ಸಂಜೆಯಾಯಿತು. ಕಡೆಗೆ ಹೆಂಡತಿಯೇ ಕೆಸರಿಗಿಳಿದು ಕಂಬ ಹಿಡಿದಳು. ಗಂಡನ ಪರವಾಗಿ ಮಾತಾಡುವಂತಿಲ್ಲವೆಂದು ಹೆಂಗಸರು ಅವಳ ಕೈ ಬಿಡಿಸಿ ಮೇಲಕ್ಕೆ ಕರೆತಂದರು. ಪಾಳೇಗಾರನ ಮಾತನ್ನು ಅಷ್ಟಾಗಿ ನಂಬದಿದ್ದವರೂ ಅವತ್ತು ಮನೆಗೆ ಹೋಗುವಾಗ ನಂಬಿದ್ದರು. ಮರುದಿನದಿಂದ ಅವಳು ಬಾವಿಗೆ ಬಂದರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಹೊರಟುಹೋಗುತ್ತಿದ್ದರು.

ವರುಷ ತಿರುಗಿತು. ಏರಿ ಕಟ್ಟಿದರು, ಕೆರೆ ಮತ್ತೆ ತುಂಬಿತು. ಕುಂಬಾರರ ಕೇರಿಯಲ್ಲಿ ಮತ್ತೆ ಗುಡಿಸಲುಗಳೆದ್ದವು. ಆ ಪಾಳೆಯಪಟ್ಟನ್ನು ಮುರಿಯಲು ಹೊಂಚುತ್ತಿದ್ದ ಆಸರೆಯ ಧಣಿ ಆಗ ನೀರುಗಂಟಿಯನ್ನು ಕರೆಸಿದ.

“ಆ ಕೆರೆ ನಿನಗೆ ಅಂಗೈ ಇದ್ದಹಾಗೆ. ಹೊಸ ಏರಿ ಎಲ್ಲಿ ಮೆತ್ತಗಿದೆ, ಎಲ್ಲಿ ಗುದ್ದಲಿ ಹಾಕಿದರೆ ಒಡೆಯುತ್ತದೆ, ನಮ್ಮವರಿಗೆ ತೋರಿಸು.”

“ಬೇಡಿ ಧಣಿ. ಕೆಳಗೆ ಜನ ಇದ್ದಾರೆ.”

“ಒಡೆದದ್ದು ನಿನ್ನಿಂದಲೇ ಅಂತ ಲೋಕವೇ ಹೇಳುತ್ತಿದೆ. ಇನ್ನೊಮ್ಮೆ ಒಡೆದರೆ ನಿನಗೆ ಹೋಗುವುದೇನು? ಆಗದಿದ್ದರೆ ಹೇಳು, ನಾಳೆಯೇ ಅವರ ಕೈಗೆ ಒಪ್ಪಿಸುತ್ತೇನೆ.”

ಒಪ್ಪಿಸಿ ಎನ್ನಲು ನೀರುಗಂಟಿಗೆ ಬಾಯಿ ಬರಲಿಲ್ಲ. ವರುಷದ ಹಿಂದೆ ಇದ್ದಷ್ಟು ಧೈರ್ಯವೂ ಈಗ ಉಳಿದಿರಲಿಲ್ಲ. ಸುಖದ ಅನ್ನ ತಿಂದಿದ್ದ, ಬದುಕುವ ಆಸೆ ಮೈಗೆ ಹತ್ತಿತ್ತು. ಅವನು ಗುದ್ದಲಿಯವರ ಮುಂದೆ ಮುಂದೆ ನಡೆದ.

ಅವರು ಏರಿ ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಏರಿಯ ಮೇಲಿನ ಗಂಗಮ್ಮನ ಗುಡಿಯಲ್ಲಿ ಅವನ ಹಳೆಯ ತಮಟೆ ನೇತಾಡುತ್ತಿತ್ತು. ಕೆಳಗೆ ಯಾವುದೋ ಗುಡಿಸಲಿನಲ್ಲಿ ಆಗಷ್ಟೇ ಒಲೆ ಹೊತ್ತಿಕೊಂಡಿತ್ತು. ಮೆತ್ತಗಿನ ಜಾಗ ಅವನ ಕಾಲಡಿಯಲ್ಲೇ ಇತ್ತು. ಇಲ್ಲಿ ಎಂದು ಅವನು ಬೆರಳು ತೋರಿಸಬೇಕಿತ್ತು, ಅಷ್ಟೇ. ತಮಟೆ ಬಡಿಯದೆ ನೀರು ಬಿಟ್ಟು ಅವನಿಗೆ ಗೊತ್ತಿರಲಿಲ್ಲ. ಅವನ ಕೈ ತಾನಾಗಿ ತಮಟೆಯನ್ನು ಇಳಿಸಿಕೊಂಡಿತು. ಅವನು ಬಡಿದ. ಜೀವ ಹೋಗುವವನಂತೆ ಬಡಿದ.

ಊರು ಎದ್ದಿತು. ಗುದ್ದಲಿಯವರು ಗುದ್ದಲಿ ಬಿಸಾಕಿ ಕತ್ತಲಿದ್ದ ಕಡೆಗೆ ಓಡಿದರು. ಜನ ಏರಿ ಹತ್ತಿ ಬಂದಾಗ ಅಲ್ಲಿದ್ದದ್ದು ಅವನೊಬ್ಬನೇ, ಸುತ್ತ ಬಿದ್ದಿದ್ದ ಗುದ್ದಲಿಗಳು.

ನೀರುಗಂಟಿ ಕೆರೆಗಿಳಿದ. ಕುತ್ತಿಗೆಮಟ್ಟ ನೀರಿನಲ್ಲಿ ಕಂಬ ಹಿಡಿದ. ತೆಪ್ಪದ ಮಾತು, ಅರಮನೆಯ ಬಾಗಿಲು, ತಾನು ಬಡಿಯದ ತಮಟೆ, ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ಹೆಚ್ಚಿಸಲಿಲ್ಲ, ಒಂದನ್ನೂ ಮುಚ್ಚಿಡಲಿಲ್ಲ. ವರುಷದ ಹಿಂದೆ ಹೇಳಬೇಕಿದ್ದ ಮಾತುಗಳೇ ಅವು.

ಮೊಮ್ಮಕ್ಕಳನ್ನು ನೀರಿಗೆ ಕೊಟ್ಟ ಕುಂಬಾರರ ಮುದುಕಿಯೊಬ್ಬಳು ಮುಂದೆ ಬಂದಳು.

“ಆವತ್ತು ಬೆಳಗಿಂದ ಬೈಗಿನವರೆಗೂ ಇಲ್ಲೇ ನಿಂತಿದ್ದೆ ಕಣಪ್ಪ, ನೀನು ಏನು ಹೇಳಿದ್ರೂ ನಂಬಾಣ ಅಂತ,” ಎಂದಳು. ಆಮೇಲೆ ಬಗ್ಗಿ ಒಂದು ಕಲ್ಲೆತ್ತಿಕೊಂಡಳು.

ಹೆಂಡತಿಯೂ ಆ ಗುಂಪಿನಲ್ಲಿದ್ದಳು. ಅವಳು ಕಲ್ಲೆತ್ತಲಿಲ್ಲ. ತಡೆಯಲೂ ಇಲ್ಲ. ಪಾಳೇಗಾರನ ಆಳುಗಳು ಬರುವಷ್ಟರಲ್ಲಿ ಅವರಿಗೆ ಮಾಡಲು ಕೆಲಸವೇನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಹುಣಸೆಮರದ ಕೆಳಗಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಮರುಳಯ್ಯ ಬಾಗಿಲ ಕಡೆ ನೋಡಿ, ಗುರುಗಳತ್ತ ತಿರುಗಿದ.

“ಆದರೆ ಗುರುಗಳೇ, ಮೊದಲ ಸಲವೇ ಹೋಗಿ ಕಂಬ ಹಿಡಿದಿದ್ದರೂ ಅವನು ಉಳಿಯುತ್ತಿರಲಿಲ್ಲವಲ್ಲ! ಪಾಳೇಗಾರ ಕೊಂದೇ ಕೊಲ್ಲುತ್ತಿದ್ದ.”

“ಕೊಲ್ಲುತ್ತಿದ್ದ,” ಎಂದರು ಗುರುಗಳು. “ಪಾಳೇಗಾರನೊಬ್ಬನೇ ಕೊಲ್ಲುತ್ತಿದ್ದ.”

ಮರುಳಯ್ಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೆಯೇ ಕೂತಿದ್ದ.