ಶುಭ ಶುಕ್ರವಾರ ಮೊಳಗಿದ ಗಂಟೆ

ಕತೆ ಹೇಳಿ ಅಭ್ಯಾಸವಿಲ್ಲ, ಕೆಡಿಸಿದರೆ ಕ್ಷಮಿಸಿ. ಶುಭ ಶುಕ್ರವಾರ ಇಗರ್ಜಿಯ ಗಂಟೆ ಮೊಳಗುವಂತಿಲ್ಲ. ಯೇಸು ಸತ್ತ ದಿನವಲ್ಲವೇ, ಅದಕ್ಕೆ. ಅಂದು ಜನರನ್ನು ಪ್ರಾರ್ಥನೆಗೆ ಕರೆಯುವುದು ಮರದ ಗಿಲಕಿ. ಇಷ್ಟನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಂಥದೊಂದು ಶುಕ್ರವಾರ, ಮೊನಿಕಾಬಾಯಿಯ ಗುಡಿಸಲಿಗೆ ಬೆಂಕಿ ಬಿದ್ದದ್ದು ಗೋಪುರದ ಗಂಟೆಗೆ ಕಂಡಿತು. ಒಳಗೆ ಕೂಸು ಮಲಗಿತ್ತು.

“ಗಿಲಕಿಯಣ್ಣ, ಬೇಗ ಸದ್ದು ಮಾಡು!” ಎಂದಿತು ಗಂಟೆ.

“ನನ್ನ ಸರದಿ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ. ಈಗಲ್ಲ.”

“ಹಾಗಾದರೆ ನಾನೇ ಮೊಳಗುತ್ತೇನೆ.”

“ಇವತ್ತೇ? ನಾಚಿಕೆಯಾಗಬೇಕು ನಿನಗೆ!”

ಗಂಟೆಗೆ ನಿಜವಾಗಿಯೂ ನಾಚಿಕೆಯಾಯಿತು, ಭಯವೂ ಆಯಿತು. “ಪ್ರೀತಿಗಾಗಿ ಸತ್ತವನ ಗೌರವಕ್ಕೆಂದು ಸುಮ್ಮನಿದ್ದೇನೆ. ಕೂಸು ಸುಟ್ಟುಹೋದರೆ ಅದು ಯಾವ ಗೌರವ?” ಎಂದು ಮೈಯೆಲ್ಲ ತೂಗಿ ಢಣಢಣ ಮೊಳಗಿತು.

ಗಂಟೆಯನ್ನು ಬೈಯಲೆಂದೇ ಊರೆಲ್ಲ ಓಡಿಬಂತು. ಇಗರ್ಜಿಯ ಮೆಟ್ಟಿಲ ಮೇಲಿಂದ ಹೊಗೆ ಕಂಡು ಅತ್ತ ಓಡಿತು. ಕೂಸು ಉಳಿಯಿತು.

ಇಲ್ಲಿ ಗಂಟೆಯೆಂದರೆ ಪ್ರೀತಿ, ಗಿಲಕಿಯೆಂದರೆ ನಿಯಮ. ಹಾಗೆಂದು ನಿಯಮ ಕೆಟ್ಟದ್ದಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದರೆ... ಹಿತ್ತಲಿಂದ ಅತ್ತಿಗೆ ಕೂಗುತ್ತಿದ್ದಾರೆ: “ಮಾರ್ಸೆಲ್, ಅಜ್ಜಿ ಜಾರಿಬಿದ್ದರು, ಬೇಗ ಬಾರೋ!” ನೀತಿ ಮುಗಿಸಿ ಬರುತ್ತೇನೆ ಎನ್ನುವುದರಲ್ಲಿದ್ದೆ. ಗಿಲಕಿ ನಾನೇ ನೋಡಿ! ಬಂದೆ, ಅತ್ತಿಗೆ—