ಒಂದೇ ಚೀಲದ ಉಪ್ಪು

"ಗುರುಗಳೇ, ನೀಲಕಂಠನೂ ನಾನೂ ನಿಮ್ಮ ಬಳಿಯೇ ಕಲಿತವರು. ಅವನು ಬೆಳಗಿನ ಪಾಠ ಕೇಳಿದ, ನಾನು ಸಂಜೆಯ ಪಾಠ ಕೇಳಿದೆ. ಎಲ್ಲವನ್ನೂ ಬಿಡಬೇಕೆಂದು ನೀವು ಹೇಳಿದಿರಿ ಎನ್ನುತ್ತಾನೆ ಅವನು. ಎಲ್ಲವನ್ನೂ ಹೊತ್ತು ನಡೆಯಬೇಕೆಂದು ನೀವು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿನ್ನೆ ಎಲ್ಲರ ಮುಂದೆ ಅವನನ್ನು ಸುಳ್ಳುಗಾರ ಎಂದೆ. ಈಗ ಅವನು ಆಶ್ರಮ ಬಿಟ್ಟು ಹೋಗಲು ಗಂಟು ಕಟ್ಟುತ್ತಿದ್ದಾನೆ. ನಮ್ಮಿಬ್ಬರಲ್ಲಿ ಸುಳ್ಳು ಯಾರದು, ನೀವೇ ಹೇಳಿಬಿಡಿ."

"ಗಂಟು ಕಟ್ಟಿ ಮುಗಿಯಿತೇ?" ಎಂದು ಗುರು ಕೇಳಿದರು.

"ಇನ್ನೂ ಇಲ್ಲ."

"ಹಾಗಾದರೆ ಒಂದು ಕತೆಗೆ ಹೊತ್ತಿದೆ. ಕೂತುಕೋ" ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ, ಒಬ್ಬರು ಮೇಷ್ಟ್ರು. ಒಳ್ಳೆಯ ಗೆಳೆಯರು. ಇಬ್ಬರಿಗೂ ಒಂದೇ ಹುಚ್ಚು: ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಹವಳ ಬೆಳೆಸುವುದು. ಕೊರಳಿಗೆ ಹಾಕುವ ಹವಳವಲ್ಲ, ತಿಂದು ಉಸಿರಾಡಿ ಬೆಳೆಯುವ ಹವಳ. ಅದು ಸಮುದ್ರದ ಜೀವ, ಊರಿಗೋ ಸಮುದ್ರ ಬಹು ದೂರ. ಆದ್ದರಿಂದ ಸಮುದ್ರವನ್ನು ಮನೆಯಲ್ಲೇ ಕಲಸಿಕೊಳ್ಳಬೇಕು. ಅದಕ್ಕೆಂದೇ ಉಪ್ಪಿನ ಮಿಶ್ರಣ ಚೀಲದಲ್ಲಿ ಬರುತ್ತದೆ. ಅದನ್ನು ಶುದ್ಧ ನೀರಿನಲ್ಲಿ ಕರಗಿಸಿ, ವಾರವಾರವೂ ತೊಟ್ಟಿಯ ಹಳೆಯ ನೀರನ್ನು ಸ್ವಲ್ಪ ತೆಗೆದು ಹೊಸದನ್ನು ಹಾಕುತ್ತಿರಬೇಕು.

ಯಾವ ಉಪ್ಪು ಎಂಬುದೇ ದೊಡ್ಡ ಪ್ರಶ್ನೆ. ಒಂದು ಹವಳವನ್ನು ಬೇಗ ಬೆಳೆಸುತ್ತದಂತೆ, ಇನ್ನೊಂದು ಬಣ್ಣ ಏರಿಸುತ್ತದಂತೆ. ಇಬ್ಬರೂ ತಿಂಗಳುಗಟ್ಟಲೆ ಚರ್ಚೆ ಮಾಡಿದರು. ಹೆಣ್ಣು ನೋಡಲು ಹೋದವರೂ ಅಷ್ಟು ವಿಚಾರಿಸುವುದಿಲ್ಲ. ಕೊನೆಗೆ ಒಳ್ಳೆಯದನ್ನೇ ಆರಿಸಿದರು, ಅದರಲ್ಲಿ ತಪ್ಪಿಲ್ಲ. ಇಬ್ಬರಿಗೂ ಸೇರಿ ಒಂದು ದೊಡ್ಡ ಚೀಲ ತರಿಸಿದರು. ಚೀಲ ಮೇಷ್ಟ್ರ ಮನೆಗೆ ಬಂತು. ಮೇಷ್ಟ್ರು ಮೇಲಿನಿಂದ ತೋಡಿ, ತೂಗಿ, ಅರ್ಧವನ್ನು ಒಂದು ಡಬ್ಬಿಗೆ ತುಂಬಿ ವ್ಯಾಪಾರಿಗೆ ಕಳಿಸಿದರು. ಚೀಲದಲ್ಲಿ ಉಳಿದ ಅರ್ಧವನ್ನು ತಾವಿಟ್ಟುಕೊಂಡರು. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ವ್ಯಾಪಾರಿಯ ಹವಳ ಮಂಕಾಯಿತು. ಆಮೇಲೆ ಬುಡದಿಂದ ತೊಗಲು ಬಿಟ್ಟು ಬಿಳಿ ಎಲುಬು ಕಾಣತೊಡಗಿತು. ನೀರು ಉಪ್ಪಾಗಿಯೇ ಇತ್ತು. ಆದರೆ ಹವಳ ಎಲುಬು ಕಟ್ಟಿಕೊಳ್ಳುವುದು ನೀರಿನಲ್ಲಿರುವ ಸುಣ್ಣದ ಅಂಶದಿಂದ. ಪರೀಕ್ಷೆ ಮಾಡಿದರೆ ಅದು ತೀರ ಕಡಿಮೆ ಬಂತು. ಇಷ್ಟು ಹೆಸರಾದ ಉಪ್ಪಿನಲ್ಲಿ ಹೀಗಾಗುವುದು ಹೇಗೆ? ವ್ಯಾಪಾರಿಗೆ ಹೊಳೆದದ್ದು ವ್ಯಾಪಾರಿಗೆ ಹೊಳೆಯಬೇಕಾದದ್ದೇ. ಕರಿಮೆಣಸಿನಲ್ಲಿ ಪಪ್ಪಾಯಿ ಬೀಜ ಹುಡುಕಿ ಹುಡುಕಿ ಅವನ ಕಣ್ಣೇ ಹಾಗಾಗಿತ್ತು. ಚೀಲ ಬಿಚ್ಚಿದವರು ಮೇಷ್ಟ್ರು. ಒಳ್ಳೆಯದನ್ನು ತಾವಿಟ್ಟುಕೊಂಡು, ತನ್ನ ಪಾಲಿಗೆ ಅಡುಗೆ ಉಪ್ಪು ಬೆರೆಸಿ ಕಳಿಸಿದ್ದಾರೆ ಎಂದುಕೊಂಡ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ, ಒಳಗೇ ಕುದಿದ.

ಅದೇ ವಾರ ಇಬ್ಬರಿಗೂ ಬೇಕಾದವರ ಮನೆಯಲ್ಲಿ ನಾಮಕರಣವಿತ್ತು. ಊಟದ ಪಂಕ್ತಿಯಲ್ಲಿ ಇಬ್ಬರೂ ಎದುರುಬದುರಾಗಿ ಕೂತರು. ಎಲೆಯ ತುದಿಗೆ ಉಪ್ಪು ಬಡಿಸುತ್ತ ಬಂದರು. ವ್ಯಾಪಾರಿ ದನಿ ಎತ್ತಿದ.

"ಮೇಷ್ಟ್ರ ಎಲೆಗೆ ಇನ್ನಷ್ಟು ಹಾಕ್ರಪ್ಪ. ಅವರ ಮನೇಲಿ ಅಡುಗೆ ಉಪ್ಪಿನ ಖರ್ಚು ಜಾಸ್ತಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಹಾಗಂದ್ರೆ ಏನು ಸಾಹುಕಾರ್ರೇ?" ಎಂದರು.

"ನನ್ನ ಪಾಲಿಗೆ ಬೆರಕೆ ಮಾಡಿ ಕಳಿಸಿದ್ರಲ್ಲ, ಅದು. ಉಪ್ಪು ತಿಂದೋರು ನೀರು ಕುಡೀಲೇಬೇಕು."

ಬಡಿಸುವವರ ಕೈ ನಿಂತಿತು. ಅನ್ನ ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಎದ್ದು, ಯಾರ ಮುಖವನ್ನೂ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಹಾಕಿದ ಎಲೆ ಬಿಟ್ಟು ಎದ್ದವನ ಸಂಕಟ ಎಂಥದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರಿ ಮಾತ್ರ ಪಾಯಸವನ್ನು ಎರಡು ಸಲ ಹಾಕಿಸಿಕೊಂಡ.

ಮನೆಗೆ ಬಂದವನು ಅದೇ ಉಪ್ಪಿನ ಹೊಸ ಚೀಲ ತರಿಸಿದ. ಈ ಸಲ ಯಾರ ಪಾಲೂ ಇಲ್ಲ. ಚೀಲದ ಬಾಯಿಯನ್ನು ತಾನೇ ಕತ್ತರಿಸಿ, ಮೇಲಿನಿಂದ ತೋಡಿ, ನೀರಿನಲ್ಲಿ ಕರಗಿಸಿ ಪರೀಕ್ಷೆ ಮಾಡಿದ. ಸುಣ್ಣದ ಅಂಶ ಮತ್ತೆ ಅಷ್ಟೇ ಕಡಿಮೆ. ಈ ಚೀಲವನ್ನು ಮೇಷ್ಟ್ರು ಕಣ್ಣಿಂದಲೂ ಕಂಡಿರಲಿಲ್ಲ.

ಮೊಣಕೈವರೆಗೆ ಕೈ ಇಳಿಸಿ ತಳದ ಉಪ್ಪನ್ನು ಒಂದು ಹಿಡಿ ತೆಗೆದ. ಮೇಲಿನದು ಹರಳು ಹರಳು, ತಳದ್ದು ಹಿಟ್ಟಿನಂತೆ ನುಣುಪು. ಅದು ಒಂದು ಉಪ್ಪಲ್ಲ, ಹಲವು ಉಪ್ಪುಗಳ ಬೆರಕೆ. ಲಾರಿಯಲ್ಲಿ ಕುಲುಕಾಡಿ ಬರುವಾಗ ಸಣ್ಣ ಪುಡಿ ಕೆಳಗಿಳಿದು ದಪ್ಪ ಹರಳು ಮೇಲೆ ಉಳಿದಿತ್ತು. ಸುಣ್ಣದ ಅಂಶವೆಲ್ಲ ಆ ಪುಡಿಯಲ್ಲಿ. ಚೀಲವನ್ನು ಚೆನ್ನಾಗಿ ಉರುಳಾಡಿಸಿ ಆಮೇಲೆ ತೋಡಬೇಕಿತ್ತು. ಮೇಷ್ಟ್ರಿಗೆ ಅದು ತಿಳಿದಿರಲಿಲ್ಲ. ತಿಳಿದಿರಲಿಲ್ಲ ಎಂಬುದೊಂದೇ ಅವರ ತಪ್ಪು, ಆ ತಪ್ಪು ವ್ಯಾಪಾರಿಯದೂ ಹೌದು.

ಅವನು ತೊಟ್ಟಿಯ ಕಡೆ ತಿರುಗಿದ. ಅಲ್ಲಿ ಎಲುಬು ಮಾತ್ರ ಉಳಿದಿತ್ತು.

ಗಂಡಂದಿರು ಮಾತು ಬಿಟ್ಟಿದ್ದರೂ ಹೆಂಗಸರು ಬಿಟ್ಟಿರಲಿಲ್ಲ. ವ್ಯಾಪಾರಿಯ ಹೆಂಡತಿ ಬಂದು ಹೇಳಿದಳು: "ಮೇಷ್ಟ್ರ ತೊಟ್ಟಿನೂ ಕೆಟ್ಟಿದೆಯಂತೆ. ನೀರು ಮಬ್ಬಾಗಿ, ಮೋಟಾರಿಗೆಲ್ಲ ಬಿಳೀದು ಹತ್ತಿಕೊಂಡಿದೆಯಂತೆ. ಹವಳದ ತುದಿ ಸುಟ್ಟ ಹಾಗಾಗಿದೆ, ಜೀವ ಮಾತ್ರ ಇನ್ನೂ ಇದೆ. ನಾಳೆ ನೀರು ಬದಲಾಯಿಸ್ತಾರಂತೆ, ಅದೇ ಉಪ್ಪು ಹಾಕಿ."

ವ್ಯಾಪಾರಿಗೆ ಎಲ್ಲವೂ ಗೊತ್ತಾಯಿತು. ತನಗೆ ಕಡಿಮೆಯಾದದ್ದು ಅಲ್ಲಿ ಹೆಚ್ಚಾಗಿ ಸುಡುತ್ತಿದೆ. ಇನ್ನೊಂದು ಸಲ ಆ ಪುಡಿ ಬಿದ್ದರೆ ಅದೂ ಉಳಿಯುವುದಿಲ್ಲ. ತನ್ನ ಡಬ್ಬಿಯಲ್ಲಿ ಉಳಿದ ಹರಳನ್ನೂ ಅವರ ಚೀಲದಲ್ಲಿ ಉಳಿದ ಪುಡಿಯನ್ನೂ ಕೂಡಿಸಿದರೆ ಮಾತ್ರ ಅದು ಸಮುದ್ರದ ಉಪ್ಪು. ಇದು ಊರಿನಲ್ಲಿ ಅವನೊಬ್ಬನಿಗೇ ತಿಳಿದಿತ್ತು.

"ಹೋಗಿ ಹೇಳಿ ಬನ್ನಿ" ಎಂದಳು ಹೆಂಡತಿ.

"ಯಾವ ಮುಖ ಇಟ್ಕೊಂಡು ಹೋಗ್ಲಿ?"

ಆದರೂ ಅಂಗಿ ತೊಟ್ಟುಕೊಂಡ. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ. ಹೊಸ್ತಿಲವರೆಗೆ ಬಂದು ನಿಂತ. ಕಳ್ಳನೆಂದು ಹತ್ತು ಜನರ ಮುಂದೆ ಕೂಗಿದ್ದೆನಲ್ಲ, ಬಾಗಿಲು ತೆಗೆಯದಿದ್ದರೆ ಏನು ಮಾಡಲಿ ಎಂದು ಯೋಚಿಸಿದ. ತೆಗೆದರೆ ಏನು ಹೇಳಲಿ ಎಂದು ಅದಕ್ಕಿಂತ ಹೆಚ್ಚು ಹೆದರಿದ. ಹೊತ್ತು ಹೋಗುತ್ತಿತ್ತು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ.

"ಆಮೇಲೆ ವ್ಯಾಪಾರಿ ಹೋದನೇ, ಗುರುಗಳೇ?" ಎಂದು ಕೇಳಿದ.

"ಇಲ್ಲ, ಇನ್ನೂ ನನ್ನ ಮುಂದೆ ಕೂತು ಕತೆ ಕೇಳುತ್ತಿದ್ದಾನೆ" ಎಂದರು ಗುರು.