ಗದ್ದುಗೆಗೆ ಇಟ್ಟ ಕೇಬಲ್

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿಯ ಗುರು ಮುರಿಗೆಪ್ಪಜ್ಜ, ಅವರ ಶಿಷ್ಯ ಅಡಿವಯ್ಯ. ಶಿಷ್ಯ ಭಾಳ ಒಳ್ಳೆಯವನು. ಆದರೆ ಆ ಒಳ್ಳೆಯತನವೇ ಒಮ್ಮೊಮ್ಮೆ ಅವನ ಕಾಲಿಗೆ ತೊಡರುತ್ತಿತ್ತು, ಏನು ಮಾಡೋದು!

ಅವತ್ತು ನಾಲ್ಕು ಗಂಟೆಗೆ ಅಡಿವಯ್ಯನ ಮೊದಲ ಪ್ರವಚನ.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ನಿಂಬೆಕ್ಕ. ಅವಳೀಗ ಹೊಳೆಯ ಆಚೆಯ ಊರಿನಲ್ಲಿ ಹನ್ನೊಂದು ದಿನದ ಬಾಣಂತಿ. ಹಸಿ ಬಾಣಂತಿ ಹೊಳೆ ದಾಟುವ ಹಾಗಿಲ್ಲ. ತಮ್ಮನ ಮೊದಲ ಮಾತು ಕೇಳಲೇಬೇಕೆಂದು ಅವಳು ಹಟ ಹಿಡಿದಿದ್ದಳು. ವಿಡಿಯೋ ಕಾಲ್ ಮಾಡುತ್ತೇನೆಂದು ಇವನು ಮಾತು ಕೊಟ್ಟಿದ್ದ.

ಮಠಕ್ಕೆಲ್ಲ ಇದ್ದದ್ದು ಒಂದೇ ಫೋನು. ಪ್ರವಚನ ನಡೆಯುವ ಬೇವಿನಕಟ್ಟೆಯ ಹತ್ತಿರ ಪ್ಲಗ್ ಇಲ್ಲ. ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಬೇಕು.

ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದಾಗ ನೂರಕ್ಕೆ ಹತ್ತು ಇತ್ತು. ಹನ್ನೆರಡಕ್ಕೆ ನೋಡಿದರೆ ಹತ್ತೊಂಬತ್ತು!

ಚಾರ್ಜರ್ ಹೊಚ್ಚ ಹೊಸದು. ಎರಡು ದಿನದ ಹಿಂದೆ ಭಕ್ತರೊಬ್ಬರು ಡಬ್ಬಿ ಸಮೇತ ತಂದುಕೊಟ್ಟು, ತಾಸೊಪ್ಪತ್ತಿನಲ್ಲಿ ಫೋನ್ ತುಂಬುತ್ತದೆ ಎಂದು ಹೇಳಿ ಹೋಗಿದ್ದರು.

ಅವನು ಅಜ್ಜನ ಹತ್ತಿರ ಓಡಿದ. "ಅಜ್ಜಾರ, ಚಾರ್ಜರ್ ದೊಡ್ಡದೈತಿ, ಕರೆಂಟೂ ಐತಿ. ಫೋನ್ ಮಾತ್ರ ತುಂಬವಲ್ದು. ದೋಷ ಯಾರದ್ರೀ?"

ಅಜ್ಜ ಫೋನಿನ ಕಡೆ ನೋಡಲೇ ಇಲ್ಲ. ಊಟದ ಹೊತ್ತಾಯಿತು, ಪಂಕ್ತಿ ಕೂತಿದೆ, ಇವತ್ತು ಗೋಧಿ ಹುಗ್ಗಿ ನೀನೇ ಬಡಿಸು ಅಂದರು. ಕೈಗೆ ಒಂದು ಚಮಚ ಕೊಟ್ಟರು. ಚಹಾಕ್ಕೆ ಸಕ್ಕರೆ ಹಾಕುವಂಥ ಚಮಚ.

ಅಡಿವಯ್ಯ ಗುರುವಿಗೆ ಎದುರಾಡಿದವನಲ್ಲ. ಹೋಗಿ ಬಡಿಸತೊಡಗಿದ.

ಆ ಮಠದಲ್ಲಿ ಒಂದು ಪದ್ಧತಿ. ಕಡೆಯ ತಾಟು ತುಂಬುವ ತನಕ ಯಾರೂ ಮೊದಲ ತುತ್ತು ಎತ್ತುವುದಿಲ್ಲ. ಬಡಿಸಿದವನು ಎಲ್ಲರಾದ ಮೇಲೆ ಉಣ್ಣಬೇಕು. ಅವತ್ತು ಪಂಕ್ತಿಯಲ್ಲಿ ನಲವತ್ತು ಜನ. ಹುಗ್ಗಿಯ ಘಮಕ್ಕೆ ಎಲ್ಲರ ಬಾಯಲ್ಲೂ ನೀರು.

ಮೂರನೆಯ ತಾಟಿಗೆ ಬರುವಷ್ಟರಲ್ಲಿ ಮೊದಲ ತಾಟಿನ ಹುಗ್ಗಿ ಆರಿತ್ತು. ದೋಣಿ ನಡೆಸುವ ಯಮನಪ್ಪನಿಗೆ ತಡೆಯಲಾಗಲಿಲ್ಲ.

"ಅಡಿವಯ್ಯಾ, ಹುಗ್ಗಿ ಬಡಸಾಕತ್ತಿಯೋ, ತೀರ್ಥ ಕೊಡಾಕತ್ತಿಯೋ?"

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಅಡಿವಯ್ಯನ ಕಿವಿ ಕೆಂಪಗಾದವು. ಸೌಟು ಕೊಡಿರೆಂದು ಅಜ್ಜನ ಮುಂದೆ ಬಂದು ನಿಂತ.

"ಯಾಕ, ಹುಗ್ಗಿ ಕೊಪ್ಪರಿಗಿ ಸಣ್ಣದಾತೇನು?"

"ಇಲ್ರೀ."

"ಮಂದಿ ಹಸಿವು ಕಡಿಮಿ ಆತೇನು?"

"ಅದೂ ಇಲ್ರೀ."

"ಮತ್ತ?"

ಅಡಿವಯ್ಯ ಕೈಯಲ್ಲಿದ್ದ ಚಮಚ ನೋಡಿದ. ಅದನ್ನು ಅಜ್ಜನ ಕೈಗೇ ತಿರುಗಿ ಕೊಟ್ಟ. ಆಮೇಲೆ ಸೌಟು ಹಿಡಿದು ನಲವತ್ತು ತಾಟೂ ಗಳಿಗೆಯಲ್ಲಿ ತುಂಬಿಸಿ, ತಾನು ಉಣ್ಣದೆ ಕೋಣೆಗೆ ಓಡಿದ.

ಚಾರ್ಜರಿನಿಂದ ಫೋನಿಗೆ ಹೋಗಿದ್ದ ಕೇಬಲನ್ನು ತಂದು ಅಜ್ಜನ ಮುಂದೆ ಇಟ್ಟ. ಯಾವುದೋ ಟಾರ್ಚಿನ ಜೊತೆ ಬಂದಿದ್ದ ದಾರದಂಥ ತಂತಿ. ಸಿಪ್ಪೆ ಸುಲಿದ ಕಡೆಯೆಲ್ಲ ಅಡಿವಯ್ಯ ಭಕ್ತಿಯಿಂದ ಕಾವಿಬಟ್ಟೆಯ ಚೂರು ಸುತ್ತಿದ್ದ.

ಅಜ್ಜ ಅದನ್ನು ಎತ್ತಿ ಹಿಡಿದರು. "ಕಾವಿ ಸುತ್ತಿದರ ಒಳಗಿನ ತಂತಿ ದಪ್ಪ ಆಗತೈತೇನೋ?"

ತಾನೂ ಕಾವಿ ಸುತ್ತಿಕೊಂಡವನೇ. ಅಡಿವಯ್ಯ ತಲೆ ತಗ್ಗಿಸಿದ.

ಹೊಸ ಚಾರ್ಜರಿನ ಜೊತೆ ಅದರದೇ ಕೇಬಲ್ ಬಂದಿರಲಿಲ್ಲವೇ ಎಂದು ಅಜ್ಜ ಕೇಳಿದರು. ಬಂದಿತ್ತು ಅಂದ. ಎಲ್ಲಿದೆ ಅಂದಾಗ ಮೆಲ್ಲಗೆ ಹೇಳಿದ. ಮಠಕ್ಕೆ ಬಂದ ಕಾಣಿಕೆಯಲ್ಲಿ ಅರ್ಧ, ಮಠ ಕಟ್ಟಿ ಅಲ್ಲೇ ಸಮಾಧಿಯಾದ ಹಿರಿಯರ ಗದ್ದುಗೆಗೆ ಸಲ್ಲಬೇಕಲ್ಲ. ಡಬ್ಬಿಯಲ್ಲಿ ಎರಡು ಸಾಮಾನು ಇದ್ದವು. ಒಂದನ್ನು ತಾನು ಇಟ್ಟುಕೊಂಡು, ಇನ್ನೊಂದನ್ನು ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ ಗದ್ದುಗೆಗೆ ಇಟ್ಟಿದ್ದ.

ಅಜ್ಜ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ.

"ಹಿರಿಯಾರ ಕಡೆ ಫೋನ್ ಐತೇನೋ ತಮ್ಮಾ? ಹೋಗು, ಪ್ರಸಾದ ಅಂತ ತಗೊಂಬಾ."

ಪತ್ರಿ ಕೊಡವಿ, ವಿಭೂತಿ ಒರೆಸಿ, ಆ ದಪ್ಪ ಕೇಬಲ್ ಹಚ್ಚಿದ. ಅಂಕಿ ಸರಸರನೆ ಏರತೊಡಗಿತು. ಅಡಿವಯ್ಯ ಎದುರಿಗೇ ಕೂತು ಒಂದೊಂದು ಅಂಕಿಗೂ ಹಿಗ್ಗಿದ. ಊಟದ ನೆನಪೇ ಆಗಲಿಲ್ಲ. ನಾಲ್ಕಕ್ಕೆ ಮುಂಚೆಯೇ ನೂರಕ್ಕೆ ನೂರು.

ಬೇವಿನಕಟ್ಟೆಯ ಮೇಲೆ ಜನ ಸೇರಿದರು. ಯಮನಪ್ಪ ಫೋನ್ ಹಿಡಿದು ಕೂತ. ಅದರೊಳಗೆ ನಿಂಬೆಕ್ಕ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ಕಾಯುತ್ತಿದ್ದಳು.

ಅಡಿವಯ್ಯ ಹದಿನೈದು ದಿನ ಕೂತು ಬರೆದ ಹಾಳೆ ತೆಗೆದು ಓದತೊಡಗಿದ. ಎಲ್ಲ ದೊಡ್ಡ ದೊಡ್ಡ ಸಂಸ್ಕೃತದ ಮಾತು. ಎರಡನೆಯ ಹಾಳೆಗೆ ಜನ ಆಕಳಿಸಿದರು. ನಿಂಬೆಕ್ಕ ಕಣ್ಣು ಕಿರಿದು ಮಾಡಿ, ಕಿವಿಯನ್ನು ಫೋನಿಗೇ ಆನಿಸಿ ಕೇಳುತ್ತಿದ್ದಳು ಪಾಪ, ಒಂದೂ ತಿಳಿಯದೆ.

ಅವನಿಗೆ ಗಾಬರಿಯಾಯಿತು. ಅಜ್ಜನ ಕಡೆ ನೋಡಿದ.

ಅಜ್ಜ ಸೊಂಟದಿಂದ ಆ ಚಮಚ ತೆಗೆದು, ಎತ್ತಿ ತೋರಿಸಿದರು.

ಅಡಿವಯ್ಯನಿಗೆ ನಗು ತಡೆಯಲಾಗಲಿಲ್ಲ. ಹಾಳೆ ಮಡಿಚಿ ಕೆಳಗಿಟ್ಟ. ಅಕ್ಕ ತನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿ ಸಾಲೆಗೆ ಬಿಟ್ಟುಬರುತ್ತಿದ್ದದ್ದನ್ನು ಹೇಳಿದ. ನೀರು ಎದೆಮಟ ಬಂದಾಗ ಅವಳು ಹೆದರಿಕೆ ಮರೆಸಲಿಕ್ಕೆ ಹಾಡುತ್ತಿದ್ದ ಹಾಡು ಹೇಳಿದ. ತನಗೆ ದೇವರು ಅಂದರೆ ಇವತ್ತಿಗೂ ಆ ಬೆನ್ನೇ ಅಂದ.

ಯಮನಪ್ಪ ಮೂಗು ಒರೆಸಿಕೊಂಡ. ಜನ ನಕ್ಕರು, ಅತ್ತರು, ಮತ್ತೆ ನಕ್ಕರು. ಫೋನಿನೊಳಗೆ ನಿಂಬೆಕ್ಕ ಕೂಸನ್ನು ಎತ್ತಿ ಹಿಡಿದು, ನೋಡು ನಿನ್ನ ಮಾವನ್ನ, ನೋಡು ಅನ್ನುತ್ತಿದ್ದಳು. ಕಡೆಯ ಮಾತಿನ ತನಕ ಕಾಲ್ ಕಡಿಯಲಿಲ್ಲ.

ಎಲ್ಲ ಮುಗಿದ ಮೇಲೆ ಅಡಿವಯ್ಯ ಅಜ್ಜನ ಪಾದ ಮುಟ್ಟಿ, ಹೇಗಾಯಿತೆಂದು ಕೇಳಿದ.

ಅಜ್ಜ ಮುಚ್ಚಿಟ್ಟಿದ್ದ ಹುಗ್ಗಿಯ ತಾಟನ್ನು ಅವನ ಮುಂದೆ ಸರಿಸಿದರು.

"ಕಡೀ ತಾಟು ಹೊಳಿ ಆಚೆ ಇತ್ತು. ಈಗ ಅದೂ ತುಂಬಿತು. ಇನ್ನ ನೀ ಉಣ್ಣು."